ನಡುಗೋಡೆ

ತತ್ತಿಯ ಕೆಳಗೆ ಬೆಳಕು ಇಟ್ಟರೆ ಒಳಗಿರುವುದೆಲ್ಲ ಕಾಣುತ್ತದೆ. ಇಷ್ಟು ವರ್ಷ ಶೇಖರಮ್ಮನಿಗೆ ಅದು ಬರೀ ಕೆಲಸವಾಗಿತ್ತು. ಹ್ಯಾಚರಿಯ ಕತ್ತಲ ಕೋಣೆಯಲ್ಲಿ, ಅಡಿಯಿಂದ ದೀಪ ಉರಿಯುವ ಮೇಜಿನ ಮುಂದೆ ಸ್ಟೂಲು ಎಳೆದುಕೊಂಡು ಕೂತು, ಒಂದರ ಹಿಂದೆ ಒಂದು ಟ್ರೇ ನೋಡುತ್ತ ಹೋಗುವುದು. ಬೆಳ್ಳಗೆ ಬರಿದಾಗಿ ಕಂಡದ್ದು ಖಾಲಿ, ಅದು ಒಂದು ಬುಟ್ಟಿಗೆ. ಒಳಗೆ ಕೆಂಪು ಉಂಗುರವಷ್ಟೇ ಉಳಿದದ್ದು ಸತ್ತದ್ದು, ಅದು ಇನ್ನೊಂದು ಬುಟ್ಟಿಗೆ. ಜೇಡನ ಕಾಲಿನಂತೆ ನರಗಳು ಹರಡಿಕೊಂಡು ನಡುವೆ ಸಾಸಿವೆಯಷ್ಟು ಚುಕ್ಕೆಯೊಂದು ಮಿಣಮಿಣ ಹೊಡೆದುಕೊಳ್ಳುತ್ತಿದ್ದರೆ ಅದು ಜೀವ, ಅದನ್ನು ಇದ್ದಲ್ಲೇ ಬಿಡಬೇಕು. ಕೈಗೆ ರೂಢಿಯಾದ ಮೇಲೆ ಕಣ್ಣು ನೋಡುವ ಮೊದಲೇ ಕೈ ತೀರ್ಮಾನ ಮಾಡುತ್ತಿತ್ತು, ಮನಸ್ಸು ಎಲ್ಲಿಯೋ ಹಾಯಾಗಿ ಇರುತ್ತಿತ್ತು. ಇವತ್ತು ಕೈ ಮುಂದೆ ಸಾಗುತ್ತಿರಲಿಲ್ಲ. ಒಂದೊಂದು ಚುಕ್ಕೆಯ ಮೇಲೂ ನಿಂತುಬಿಡುತ್ತಿತ್ತು. ಇದು ನೆಟ್ಟಗಿದೆಯೇ? ಇದರ ಹೃದಯದಲ್ಲಿಯೂ ತೂತು ಇದ್ದರೆ ಇಲ್ಲಿಂದ ಕಾಣುತ್ತದೆಯೇ? ಕಂಡರೆ ಯಾವ ಬುಟ್ಟಿಗೆ? ಹೋದ ವಾರ ಕೊಪ್ಪಳದ ಸ್ಕ್ಯಾನಿಂಗಿನಲ್ಲಿ ಎಳೆಯ ವಯಸ್ಸಿನ ಡಾಕ್ಟರು ಬಸುರಿ ಮಗಳು ಲಲಿತಾಳ ಹೊಟ್ಟೆಯ ಮೇಲೆ ಮಶೀನು ಆಡಿಸುತ್ತ, ಊರು ಯಾವುದು, ಮಳೆ ಆಯಿತೇ ಎಂದು ಮಾತಾಡುತ್ತಿದ್ದವರು ಕೂಸಿನ ಹೃದಯದ ಜಾಗಕ್ಕೆ ಬಂದು ಸುಮ್ಮನಾಗಿದ್ದರು. ಅದು ಎಂಥ ಸುಮ್ಮನಾಗುವುದು ಎಂದು ಶೇಖರಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೆಂಪು ಉಂಗುರ ಕಂಡಾಗ ಅವಳೂ ಹಾಗೆಯೇ ಸುಮ್ಮನಾಗುತ್ತಿದ್ದಳು.

"ಏನ್ ಶೇಖರಮ್ಮಾರ, ಇವತ್ತ ಖಾಲಿ ತತ್ತಿಗೂ ಪಾಸ್ ಕೊಡಾಕತ್ತೀರಲ್ಲ?" ಸೂಪರ್‌ವೈಸರ್ ವಿರುಪಾಕ್ಷಿ ಅವಳು ಮುಗಿಸಿದ ಟ್ರೇಯನ್ನು ಮತ್ತೆ ಬೆಳಕಿಗೆ ತಂದು ಇಟ್ಟಿದ್ದ. ಬೆಳ್ಳಗಿನ ಬರಿದು ತತ್ತಿಗಳು ಅಲ್ಲಲ್ಲಿ ಕೂತು ಎಲ್ಲರಿಗೂ ಕಾಣುವಂತೆ ಹೊಳೆಯುತ್ತಿದ್ದವು. ಅವನು ಅವಳ ತಮ್ಮನಿಗಿಂತ ಚಿಕ್ಕವನು. "ಇವು ಮರಿ ಹಾಕ್ತಾವಂತೇನ್ರಿ? ಹಾಕಿದ್ರ ಹೇಳ್ರಿ, ನಾನೂ ನೋಡ್ತೀನಿ." ಕತ್ತಲಲ್ಲಿ ಯಾರೋ ನಕ್ಕರು. ಶೇಖರಮ್ಮನ ಕಿವಿ ಬಿಸಿಯಾಯಿತು. ಎದುರಿನ ಸ್ಟೂಲಿನಿಂದ ಹಜರತಬೀ, "ನಿನ್ನ ಹೆಣ್ತಿ ಹಡಿಯೂ ಹೊತ್ತಿನ್ಯಾಗ ನೀ ಅರ್ಧ ಲೋಡ್ ತತ್ತಿ ಉಳ್ಳಿಸಿದ್ದಿಲ್ಲೇನಪ? ಅವತ್ತ ಒರಸಿದವ್ರು ಯಾರು? ನಾವs. ಅಕಿ ಮಗಳನ್ನ ಇವತ್ತ ದೊಡ್ಡ ಡಾಕ್ಟರಿಗೆ ತೋರಸಬೇಕು. ಸುಮ್ನ ಹೋಗು" ಎಂದಳು. ವಿರುಪಾಕ್ಷಿ ಏನೋ ಗೊಣಗಿ, ಆ ತತ್ತಿಗಳನ್ನು ತಾನೇ ಆರಿಸಿ ತೆಗೆದು, ಹೋಗುವಾಗ "ಮಧ್ಯಾಹ್ನ ಮ್ಯಾಲೆ ಹೋಗ್ರಿ, ನಾ ಬರಕೊಂತೀನಿ" ಎಂದು ಮೆತ್ತಗೆ ಹೇಳಿದ. ಆ ಮೆತ್ತಗಿನ ದನಿಯೇ ಅವಳಿಗೆ ಹೆಚ್ಚು ಚುಚ್ಚಿತು. ಎಲ್ಲರಿಗೂ ಗೊತ್ತಾಗಿದೆ. ಗೊತ್ತಾದವರು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಾರೆ: ಮಗಳನ್ನು ತಮ್ಮನಿಗೇ ಕೊಟ್ಟಳು, ಅದಕ್ಕೇ.

ಕೊಟ್ಟವಳು ಅವಳೇ. ಅದರಲ್ಲಿ ಯಾರ ಪಾಲೂ ಇಲ್ಲ. ಗಂಡ ತೀರಿಕೊಂಡು, ಸಣ್ಣ ಲಲಿತಾಳನ್ನು ಎತ್ತಿಕೊಂಡು ಇರಕಲ್ಲಗಡದ ತವರಿಗೆ ಬಂದಾಗ ತಮ್ಮ ಹಾಲೇಶ ಇನ್ನೂ ಸಾಲಿಗೆ ಹೋಗುವ ಹುಡುಗ. ಅವನನ್ನೂ ಬೆಳೆಸಿದವಳು ಅವಳೇ. ಇಬ್ಬರೂ ಅವಳ ಒಂದೇ ತಾಟಿನಲ್ಲಿ ಉಂಡವರು. ಲಲಿತಾಳಿಗೆ ವರ ನೋಡುವ ಮಾತು ಬಂದಾಗ ಯಲಬುರ್ಗಾ ಕಡೆಯಿಂದ, ಕುಷ್ಟಗಿ ಕಡೆಯಿಂದ ಒಳ್ಳೆಯ ಮನೆತನದವರೇ ಬಂದು ಹೋದರು. ಪ್ರತಿಯೊಬ್ಬರು ಬಂದು ಹೋದಾಗಲೂ ರಾತ್ರಿ ಶೇಖರಮ್ಮ ಹಾಸಿಗೆಯಲ್ಲಿ ಎದ್ದು ಕೂತುಬಿಡುತ್ತಿದ್ದಳು. ಯಾರದೋ ಮನೆಯಲ್ಲಿ, ಯಾವಳೋ ಅತ್ತೆಯ ಮುಂದೆ ತನ್ನ ಹುಡುಗಿ ತಲೆ ತಗ್ಗಿಸಿ ನಿಂತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೊಂದು ದಿನ ರೊಟ್ಟಿ ಬಡಿಯುತ್ತ, ತಿರುಗಿ ಕೂಡ ನೋಡದೆ, "ಹಾಲೇಶಾ, ಲಲಿತಾನ್ನ ನೀನs ಮಾಡ್ಕೋ" ಎಂದಿದ್ದಳು. "ಅಕ್ಕಾ, ಅಕಿನ್ನ ಸೈಕಲ್ಲಿನ ಮ್ಯಾಲೆ ಸಾಲಿಗೆ ಬಿಟ್ಟು ಬಂದಾವ ನಾ" ಎಂದ ಅವನು. "ಈಗ ಮೋಟರ್ ಸೈಕಲ್ ಐತೆಲ್ಲ" ಎಂದಳು ಅವಳು, ಜಾಣತನದಿಂದ. ಅವನು ನಕ್ಕ, ನಕ್ಕದ್ದೇ ಒಪ್ಪಿಗೆಯಾಯಿತು. ಲಲಿತಾಳನ್ನು ಕೇಳಿದಾಗ ಅವಳು, "ಮಾಮಾ ಅಂದ್ರ ಅಡ್ಡಿಯಿಲ್ಲ, ಆದ್ರ ಮೀಸಿ ಬೋಳಸಬೇಕು" ಎಂದು ಒಳಗೆ ಓಡಿದ್ದಳು. ಆ ದಿನಗಳಲ್ಲಿ ಶೇಖರಮ್ಮನಿಗೆ ತನ್ನಷ್ಟು ವ್ಯವಹಾರಸ್ಥೆ ಊರಲ್ಲಿ ಇಲ್ಲ ಅನ್ನಿಸಿತ್ತು. ಎರಡು ಕೈಯಲ್ಲಿದ್ದ ಎರಡು ಜೀವಗಳನ್ನೂ ಕಳೆದುಕೊಳ್ಳದೆ ಉಳಿಸಿಕೊಂಡಿದ್ದಳು.

ಬೂದಗುಂಪಾ ಕ್ರಾಸಿನಲ್ಲಿ ಬಸ್ಸು ಹತ್ತಿದಾಗ ಅವರಿಬ್ಬರೂ ಅವಳಿಗಾಗಿ ಸೀಟು ಹಿಡಿದಿದ್ದರು. ಲಲಿತಾ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ನಿದ್ದೆಯಲ್ಲ ಎಂದು ರೆಪ್ಪೆ ಹೇಳುತ್ತಿತ್ತು. ಹಾಲೇಶ ಪಂಚಾಯ್ತಿಯ ವಾಟರ್‌ಮನ್. ಊರಿಗೆ ನೀರು ಬಿಡುವವನು. ಓಣಿ ಓಣಿಯ ನೀರಿನ ಪೈಪಿನ ವಾಲ್ ತಿರುವುವ ಕಬ್ಬಿಣದ ಕೀಲಿ ಇಲ್ಲದಿದ್ದರೆ ಅವನ ಕೈಗಳಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ಊಟದ ಡಬ್ಬಿ ಇಟ್ಟಿದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹಿಡಿಕೆಯನ್ನು ತಿರುವುತ್ತ ಕೂತಿದ್ದ. ಸ್ವಲ್ಪ ದೂರ ಹೋದ ಮೇಲೆ, ಲಲಿತಾಳಿಗೆ ಕೇಳಿಸಬಾರದೆಂದು ಬಗ್ಗಿ, "ಅಕ್ಕಾ, ಡಾಕ್ಟರ್ ಏನಾರ ಅನ್ಲಿ, ನೀ ಅಂದಂಗ ಮಾಡೂಣು" ಎಂದ. ನೀ ಅಂದಂಗ. ರೊಟ್ಟಿ ಬಡಿಯುತ್ತ ಅಂದ ಒಂದು ಮಾತೇ ಇಲ್ಲಿಗೆ ತಂದಿದೆ, ಇನ್ನೊಂದು ಮಾತು ತನ್ನಿಂದಲೇ ಬೇಕಂತೆ. ಓಣಿಯ ಹೆಂಗಸರು ಆಗಲೇ ಹೇಳಿಯಾಗಿದೆ, "ಇನ್ನೂ ಟೈಮ್ ಐತಿ, ತಗಿಸಿಬಿಡ್ರಿ, ಮುಂದ ಇನ್ನೊಂದ ಆಗತೈತಿ" ಎಂದು, ನೀರು ತುಂಬುವಾಗ ಕೊಡಪಾನದ ಮಾತು ಆಡಿದಷ್ಟು ಸಲೀಸಾಗಿ. ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ತಾನೂ ಬೇರೆಯವರ ಮಗಳಿಗೆ ಅದನ್ನೇ ಹೇಳುತ್ತಿದ್ದಳೇನೋ. ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬೇಕು ಎಂದು ದಿನವೆಲ್ಲ ಹೇಳಿಯೇ ತಾನೆ ಅವಳು ಸಂಬಳ ತರುವುದು. ಗಂಗಾವತಿ ಹತ್ತಿರವಾಗುತ್ತಿದ್ದಂತೆ ಕಾಲುವೆ ಬಂತು, ಕಾಲುವೆಯ ಆಚೆ ಕಣ್ಣು ಹಾಯುವಷ್ಟು ದೂರ ಹಸಿರು ಭತ್ತ. ಒಣಭೂಮಿಯಲ್ಲಿ ಬೆಳೆದ ಅವಳಿಗೆ ಈ ಹಸಿರು ಯಾವಾಗಲೂ ಯಾರದೋ ಮನೆಯ ಹಬ್ಬದಂತೆ ಕಾಣುತ್ತಿತ್ತು, ಕರೆಯದೆ ಹೋಗಿ ನಿಂತಂತೆ.

ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಬರುವ, ಕೂಸುಗಳ ಹೃದಯ ನೋಡುವ ಡಾಕ್ಟರಮ್ಮ ಕೂಡುವ ದವಾಖಾನೆಯಲ್ಲಿ ಬೆಂಚುಗಳೆಲ್ಲ ತುಂಬಿದ್ದವು. ಗೋಡೆಯ ಮೇಲೆ, ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಕೇಳುವುದು ಅಪರಾಧ ಎಂಬ ಬೋರ್ಡು. ಅದರ ಕೆಳಗೇ ಕೂತಿದ್ದ ನರ್ಸಿನ ಕೊರಳಲ್ಲಿ ಗೀತಾ ಎಂದು ಬರೆದ ಚೀಟಿ. ಅವಳ ದನಿ ದೊಡ್ಡದು. "ಗಂಡ ಸಂಬಂಧಿಕರೇನಮ್ಮ? ಮದುವಿಗಿಂತ ಮೊದ್ಲ ಏನಾಗಬೇಕು?" ಲಲಿತಾ ನೆಲ ನೋಡುತ್ತ, "ಸೋದರಮಾವ" ಎಂದಳು. ಬೆಂಚಿನ ಮೇಲಿನ ತಲೆಗಳು ಒಂದೊಂದಾಗಿ ಹಾಲೇಶನತ್ತ ತಿರುಗಿ, ಆಮೇಲೆ ತಾನೇ ತಾನಾಗಿ ಶೇಖರಮ್ಮನತ್ತ ಬಂದು ನಿಂತವು. ಅವರಲ್ಲಿ ಅರ್ಧ ಜನ ಹಾಗೆಯೇ ಮದುವೆಯಾದವರಿರಬೇಕು. ಆದರೂ ನೋಡಿದರು. "ಮನಿತನದಾಗ ಯಾರಿಗರ ಹಾರ್ಟಿನ ತೊಂದ್ರಿ? ಸಣ್ಣ ಕೂಸು ತೀರಿಕೊಂಡದ್ದು, ಹಿಂಗೇನರ?" ಹಾಲೇಶ ಚೀಲ ಎದೆಗೆ ಹಿಡಿದು, "ಇಲ್ರಿ. ನಮ್ಮ ಮನ್ಯಾಗ ಅಂಥಾದ್ದು ಯಾರಿಗೂ ಇಲ್ರಿ" ಎಂದ, ಬಹಳ ಪ್ರಾಮಾಣಿಕವಾಗಿ. ಗೀತಾ ಬರೆದುಕೊಂಡಳು.

ಶೇಖರಮ್ಮ ಬಾಯಿ ತೆರೆದಿದ್ದಳು. ಹಾಗೆಯೇ ಮುಚ್ಚಿಕೊಂಡಳು. ಅವನು ಸುಳ್ಳು ಹೇಳಲಿಲ್ಲ, ಅವನಿಗೆ ಗೊತ್ತಿಲ್ಲ. ಅವನು ಹುಟ್ಟುವ ಮೊದಲಿನ ಮಾತು ಅದು. ಗೊತ್ತಿದ್ದ ಅವ್ವ ಪಾರ್ವತೆಮ್ಮ ಸತ್ತು ವರ್ಷಗಳಾದವು, ಅಪ್ಪ ಅದಕ್ಕೂ ಮೊದಲೇ. ಈಗ ಭೂಮಿಯ ಮೇಲೆ ಆ ಕೂಸಿನ ನೆನಪು ಉಳಿದಿರುವುದು ಅವಳೊಬ್ಬಳ ತಲೆಯಲ್ಲಿ. ತನಗೂ ಹಾಲೇಶನಿಗೂ ನಡುವೆ ಒಂದು ಗಂಡು ಕೂಸು. ಉಗುರು ಕರ್ರಗೆ, ತುಟಿ ನೇರಳೆ ಹಣ್ಣು ತಿಂದಂತೆ. ಅತ್ತರೆ ಮುಖವೆಲ್ಲ ನೀಲಿಗಟ್ಟಿ ಉಸಿರು ಸಿಗದೆ ಒದ್ದಾಡುತ್ತಿತ್ತು. ಜಡ್ಡು ಇಳಿದ ಮೇಲೆ ತೊಟ್ಟಿಲಿಗೆ ಹಾಕಿ ಹೆಸರಿಡೋಣ ಎಂದು ಹಿರಿಯರು ಅಂದಿದ್ದರು. ಒಂದು ಬೇಸಿಗೆ ಮಧ್ಯಾಹ್ನ ಅವ್ವ ಹೊಲದಿಂದ ಬರುವುದು ತಡವಾಯಿತು. ಹತ್ತು ವರ್ಷದ ಶೇಖರಮ್ಮ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಊರ ಹೊರಗಿನ ಹುಣಸಿ ಗಿಡದ ತನಕ ಎದುರು ಹೋದಳು. ಅಲ್ಲಿಯೇ ಅದು ಅತ್ತಿತು, ಅಲ್ಲಿಯೇ ನೀಲಿಯಾಯಿತು, ಅವ್ವ ಓಡಿ ಬಂದು ಕಸಿದುಕೊಂಡದ್ದೂ ಅಲ್ಲಿಯೇ. "ಸುಡಗಾಡ ಹುಡುಗಿ, ಉರಿಬಿಸಲಾಗ ಗಿಡದ ಬುಡಕ ತಂದೀಯೇನ, ಗಾಳಿ ಬಡೀತು ನೋಡು." ಸಂಜೆ ಓಣಿಯ ಮಾರೆಮ್ಮ ಬಂದು ಅರಿಷಿಣದ ಕೊಂಬನ್ನು ಕೆಂಡದಲ್ಲಿ ಕಾಸಿ ಕೂಸಿನ ಹೊಟ್ಟೆಯ ಮೇಲೆ ಚುಟಿಗಿ ಹಾಕಿದಳು. ಕಾಲು ಹಿಡಿಯಲು ಶೇಖರಮ್ಮನನ್ನೇ ಕೂಡಿಸಿದರು. ಎಷ್ಟು ಸಣ್ಣ ಕಾಲುಗಳು, ಎಷ್ಟು ತಣ್ಣಗೆ. ಮರುದಿನ ಬೆಳಗಾಗುವುದರೊಳಗೆ ಅದು ಇರಲಿಲ್ಲ. ಯಾರೂ ಅವಳನ್ನು ಹೊಡೆಯಲಿಲ್ಲ, ಮತ್ತೆ ಆ ಮಾತು ಎತ್ತಲೂ ಇಲ್ಲ. ಎತ್ತದೆ ಇದ್ದದ್ದಕ್ಕೇ ಅದು ಹಾಗೆಯೇ ಉಳಿದುಬಿಟ್ಟಿತು. ಆಮೇಲೆ ಹಾಲೇಶ ಹುಟ್ಟಿದಾಗ ಅವನನ್ನು ಅವಳು ಬಿಸಿಲಿಗೆ ತೋರಿಸಲಿಲ್ಲ, ನೆಲಕ್ಕೆ ಬಿಡಲಿಲ್ಲ. ದೊಡ್ಡವನಾದ ಮೇಲೂ ಬಿಡಲಿಲ್ಲ. ಬೆಂಚಿನ ಮೇಲೆ ಕೂತ ಈ ಗಳಿಗೆಯಲ್ಲಿ, ಬೋರ್ಡಿನ ಅಕ್ಷರಗಳನ್ನು ನೋಡುತ್ತ, ಅವಳಿಗೆ ಮೊದಲ ಸಲ ತನ್ನ ಮೇಲೆಯೇ ಅನುಮಾನ ಬಂತು: ಲಲಿತಾಳನ್ನು ಕೊಟ್ಟದ್ದು ಲಲಿತಾಳಿಗಾಗಿಯೋ, ಇವನು ಕೈಬಿಟ್ಟು ಹೋಗಬಾರದೆಂದೋ?

ಹೇಳಿದರೆ ಏನಾಗುತ್ತದೆ ಎಂದು ಅವಳು ಲೆಕ್ಕ ಹಾಕಿದಳು. ನಿಮ್ಮ ಮನೆತನದ ಬೀಜವೇ ಹೀಗೆ ಎನ್ನುತ್ತಾರೆ, ಇದನ್ನು ಇಟ್ಟುಕೊಳ್ಳಬೇಡಿ ಎನ್ನುತ್ತಾರೆ. ಲಲಿತಾ ತನ್ನನ್ನು ಹೇಗೆ ನೋಡುತ್ತಾಳೆ, ಹಾಲೇಶ ಹೇಗೆ ನೋಡುತ್ತಾನೆ. ಹೇಳದಿದ್ದರೆ ಆ ಒಂದು ಸಾಲು ಗೀತಾಳ ಕಾಗದದಲ್ಲಿ ಇಲ್ಲ ಎಂದೇ ಉಳಿಯುತ್ತದೆ, ಯಾರಿಗೂ ನಷ್ಟವಿಲ್ಲ. ಹೇಳಬಾರದು ಎಂದು ತೀರ್ಮಾನಿಸಿದಳು. ತೀರ್ಮಾನಿಸಿದ ಮೇಲೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಡಾಕ್ಟರಮ್ಮ ನಡುವಯಸ್ಸಿನವರು, ತಲೆಯಲ್ಲಿ ಬಿಳಿಕೂದಲು ಮುಚ್ಚದೆ ಬಿಟ್ಟಿದ್ದರು. ಬಹಳ ಹೊತ್ತು ನೋಡಿದರು. ನೋಡುವಾಗ ಮಾತಾಡಲಿಲ್ಲ, ಮೊದಲೇ "ನಾ ಮಾತಾಡಂಗಿಲ್ಲ, ಹೆದರಬ್ಯಾಡ್ರಿ, ನನ್ನ ಚಾಳಿ ಅದು" ಎಂದು ಹೇಳಿದ್ದರು. ಅದಕ್ಕಾಗಿ ಶೇಖರಮ್ಮನಿಗೆ ಅವರು ಇಷ್ಟವಾದರು. ಆಮೇಲೆ ಹಾಲೇಶನನ್ನೂ ಅವಳನ್ನೂ ಹತ್ತಿರಕ್ಕೆ ಕರೆದು ಪರದೆಯನ್ನು ಅವರತ್ತ ತಿರುಗಿಸಿದರು. ಕಪ್ಪು ಬಿಳುಪಿನ ಮಸುಕಿನಲ್ಲಿ ಏನೋ ಒಂದು ಮುಷ್ಟಿ ಬಿಚ್ಚಿ ಮುಚ್ಚುತ್ತಿತ್ತು. ಅಷ್ಟು ವರ್ಷ ಸಾಸಿವೆಯಷ್ಟು ಚುಕ್ಕೆ ನೋಡಿದ ಕಣ್ಣಿಗೆ ಇದು ಬಹಳ ದೊಡ್ಡದಾಗಿ, ಬಹಳ ಹತ್ತಿರದಲ್ಲಿ ಇದ್ದಂತೆ ಕಂಡಿತು. ಒಳಗೆ ಕೋಣೆಗಳಿದ್ದವು. ಡಾಕ್ಟರಮ್ಮ ಬೆರಳಿಟ್ಟು ತೋರಿಸಿದರು: ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ಮೇಲಕ್ಕೆ ಬರುತ್ತ ಬರುತ್ತ ಒಂದು ಕಡೆ ನಿಂತುಬಿಟ್ಟಿದೆ. ಶ್ವಾಸಕೋಶಕ್ಕೆ ರಕ್ತ ಒಯ್ಯುವ ದಾರಿಯೂ ಇಕ್ಕಟ್ಟು.

"ವಾಲ್ ಐತೇನ್ರಿ ಅಲ್ಲಿ?" ಹಾಲೇಶ ಕೇಳಿದ.

"ಐತಿ. ಯಾಕ?"

"ನಾ ವಾಟರ್‌ಮನ್ ಅದೀನ್ರಿ. ವಾಲ್ ಪೂರಾ ತೆರೀಲಿಲ್ಲಂದ್ರ ಮುಂದಿನ ಓಣಿಗೆ ನೀರು ಹೋಗೂದಿಲ್ಲ, ಹಿಂದ ಒತ್ತತೈತಿ."

ಡಾಕ್ಟರಮ್ಮ ಪರದೆಯ ಮೇಲಿನ ಬೆರಳನ್ನು ಇಕ್ಕಟ್ಟಾದ ದಾರಿಯತ್ತ ಸರಿಸಿದರು. "ಹಂಗs ಅನ್ನಕೋರಿ. ಒತ್ತಿದ ನೀರು ಗೋಡ್ಯಾಗಿನ ತೂತಿನಿಂದ ಬಾಜೂ ಕೋಣಿಗೆ ಹೋಗತೈತಿ. ಹೊಟ್ಟ್ಯಾಗ ಇರೂತನಕ ಕೂಸಿಗೆ ತ್ರಾಸಿಲ್ಲ, ತಾಯಿ ಉಸಿರs ಅದರ ಉಸಿರು. ಹುಟ್ಟಿದ ಮ್ಯಾಲೆ ಕೆಟ್ಟ ರಕ್ತ ಛಲೋ ರಕ್ತ ಕೂಡಿ ಮೈತುಂಬ ಓಡಾಡತೈತಿ. ಅತ್ತಾಗ ತುಟಿ, ಉಗುರು ನೀಲಿ ಆಗತಾವ."

ಶೇಖರಮ್ಮ ಕುರ್ಚಿಯ ಅಂಚು ಹಿಡಿದುಕೊಂಡಳು. ಲಲಿತಾ ಹೊಟ್ಟೆಯ ಮೇಲಿನ ಅಂಟು ಒರೆಸಿಕೊಂಡು ಎದ್ದು ಕೂತು, ಇಡೀ ವಾರ ಯಾರ ಮುಂದೆಯೂ ಆಡದಿದ್ದ ಪ್ರಶ್ನೆಯನ್ನು ಆಡಿದಳು. "ನಾ ಏನರ ತಪ್ಪು ಮಾಡೇನೇನ್ರಿ? ಗ್ರಹಣದ ದಿನ ಕಾಯಿಪಲ್ಯ ಹೆಚ್ಚಿದ್ದೆ. ಒಂದ್ಸಲ ಭಾರದ ಕೊಡ ಎತ್ತೇನಿ."

"ಕೇಳು ತಂಗಿ." ಡಾಕ್ಟರಮ್ಮ ಒಂದು ಹಾಳೆ ಎಳೆದುಕೊಂಡು ನೆಟ್ಟಗೆ ಒಂದು ಕೊಳವೆ ಬರೆದರು. "ಹೃದಯ ಮೊದ್ಲ ಹಿಂಗ, ಬರೇ ಒಂದು ನಳಿಗಿ. ಕೋಣಿ ಇಲ್ಲ, ಗೋಡಿ ಇಲ್ಲ. ಆದ್ರೂ ಬಡ್ಕೊಳ್ಳಾಕ ಸುರು ಮಾಡಿರತೈತಿ. ಆಮ್ಯಾಲೆ ಅದು ಬಾಗತೈತಿ, ಮಡಚಿಕೊಂತೈತಿ, ಒಳಗ ಗೋಡಿ ಏಳತಾವ. ಯಾವುದು ಎಲ್ಲಿ ಬಾಗಬೇಕು, ಯಾವ ಗೋಡಿ ಎಲ್ಲಿತನಕ ಬರಬೇಕು, ಇದನ್ನ ಹೇಳೋವು ವಂಶವಾಹಿ. ಜೀನು ಅಂತೀವಿ. ಅರ್ಧ ಅಪ್ಪಂದು, ಅರ್ಧ ಅವ್ವಂದು. ಒಂದು ಹೇಳೂದು ಮುಗದ ಮ್ಯಾಲೆ ಇನ್ನೊಂದು ಹೇಳಬೇಕು. ಎಲ್ಲೋ ಒಂದು ಮಾತು ತಡಾ ಆತು, ಇಲ್ಲಾ ಅರ್ಧಕ್ಕ ನಿಂತಿತು, ಅಂದ್ರ ಗೋಡಿನೂ ಅರ್ಧಕ್ಕ ನಿಲ್ಲತೈತಿ. ಇದೆಲ್ಲಾ ನಡಿಯೂದು ಮೊದಲ ಎರಡು ತಿಂಗಳದಾಗ. ಭಾಳ ಮಂದಿಗೆ ಬಸರು ಅಂತ ಗೊತ್ತಾಗೂ ಹೊತ್ತಿಗೆ ಒಳಗ ಅರ್ಧ ಕೆಲಸ ಆಗಿಹೋಗಿರತೈತಿ. ನೀ ಹೆಚ್ಚಿದ್ದಕ್ಕಲ್ಲ, ಎತ್ತಿದ್ದಕ್ಕಲ್ಲ. ಹೊರಗಿನ ಯಾವ ಗಾಳಿ ಬಿಸಲೂ ಇಂಥಾ ತೂತು ಮಾಡೂದಿಲ್ಲ. ಹುಟ್ಟಿದ ಮ್ಯಾಲೆ ಯಾರೂ ಮಾಡಾಕೂ ಬರೂದಿಲ್ಲ."

ಹುಟ್ಟಿದ ಮೇಲೆ ಯಾರೂ ಮಾಡಲಿಕ್ಕೆ ಬರುವುದಿಲ್ಲ. ಹಾಳೆಯ ಮೇಲಿನ ನಳಿಗೆ ಬಾಗಿತು, ಮಡಚಿಕೊಂಡಿತು. ಡಾಕ್ಟರಮ್ಮನ ಪೆನ್ನು ಗೋಡೆಯೊಂದನ್ನು ಎಬ್ಬಿಸಿ ನಡುವೆಯೇ ನಿಂತಿತು. ಹುಣಸಿ ಗಿಡದ ಬುಡದಲ್ಲಿ ಬಿಸಿಲು ಹಾಗೆಯೇ ಬಿದ್ದಿತ್ತು, ಹುಡುಗಿಯೊಬ್ಬಳು ಕೂಸನ್ನು ಬಗಲಲ್ಲಿ ಹೊತ್ತು ದಾರಿ ನೋಡುತ್ತಿದ್ದಳು. ಶೇಖರಮ್ಮನಿಗೆ ಆ ಹುಡುಗಿ ಈಗ ಬೇರೆ ಯಾರೋ ಅನ್ನಿಸಿದಳು, ಯಾರ ಮನೆಯದೋ ಹುಡುಗಿ, ಬಡಕಲು, ಎಣ್ಣೆ ಕಾಣದ ತಲೆ. ಕಾಲ ಕೆಳಗೆ ನೆಲ ಕಾಯುತ್ತಿದೆ, ಒಂದು ಕಾಲೆತ್ತಿ ಇನ್ನೊಂದು ಕಾಲಿನ ಮೇಲೆ ಇಟ್ಟುಕೊಂಡು ನಿಂತಿದ್ದಾಳೆ. ಅವಳಿಗೆ ಯಾರಾದರೂ ಹೋಗಿ ಹೇಳಬೇಕು. ಇಷ್ಟು ವರ್ಷ ಅವಳು ಅಲ್ಲಿಯೇ ನಿಂತಿದ್ದಾಳೆ, ಯಾರೂ ಹೋಗಿ ಹೇಳಿಲ್ಲ.

"ಡಾಕ್ಟರಮ್ಮಾರ," ಎಂದಳು. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ಹೊರಗ ಇಲ್ಲ ಅಂತ ಬರಸೀವಿ. ಐತ್ರಿ. ನಮ್ಮವ್ವಗ ಒಂದು ಗಂಡುಕೂಸು ಆಗಿತ್ತು, ನನ್ನ ಹಿಂದ, ಇವನ ಮುಂದ. ನೀವಂದಂಗs ಇತ್ತು. ತುಟಿ, ಉಗುರು. ಅತ್ತರ ನೀಲಿ."

ಹಾಲೇಶ ಪರದೆಯಿಂದ ಮುಖ ತಿರುಗಿಸಿ ಅಕ್ಕನನ್ನು ನೋಡಿದ. ಲಲಿತಾಳೂ ನೋಡಿದಳು. ಶೇಖರಮ್ಮ ಯಾರನ್ನೂ ನೋಡದೆ ಹಾಳೆಯನ್ನೇ ನೋಡುತ್ತ ಮುಂದುವರಿದಳು, ನಿಂತರೆ ಮತ್ತೆ ಆಗಲಿಕ್ಕಿಲ್ಲವೆಂದು. ಐದಾರು ತಿಂಗಳು ಬದುಕಿತ್ತು. ದವಾಖಾನೆಗೆ ತೋರಿಸಿರಲಿಲ್ಲ, ಗಾಳಿ ಎಂದು ಚುಟಿಗಿ ಹಾಕಿಸಿದರು. ಅವಳು ಕಾಲು ಹಿಡಿದಿದ್ದಳು.

"ಅತ್ತು ನೀಲಿ ಆದಾಗ ಏನ ಮಾಡ್ತಿದ್ರಿ?" ಡಾಕ್ಟರಮ್ಮ ಬರೆದುಕೊಳ್ಳುವುದನ್ನು ಬಿಟ್ಟು ಕೇಳಿದರು.

"ದೊಡ್ಡವರು ಬೆನ್ನು ಬಡೀತಿದ್ರು, ಮಾರಿಗೆ ನೀರು ಗೊಜ್ಜತಿದ್ರು. ನಾ ಸಣ್ಣಾಕಿ, ನನಗ ಹಿಡಿಯಾಕ ಬರ್ತಿದ್ದಿಲ್ಲ. ಜಾರತಿತ್ತು. ಜಾರಬಾರದಂತ ಎರಡೂ ಮಣಕಾಲು ಮಡಚಿ ಹೊಟ್ಟಿಗೆ ಒತ್ತಿ, ಗಟ್ಟಿ ಅಪ್ಪಿಕೊಂಡು ಕೂಡತಿದ್ದೆ. ಹಂಗ ಕುಂತ್ರ ಸುಮ್ನಾಗತಿತ್ತು. ಬಣ್ಣ ಬರ್ತಿತ್ತು. ಅದಕ್ಕs ಯಾವಾಗ್ಲೂ ನನ್ನ ಕಡೆನs ಕೊಡತಿದ್ರು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇಂಥ ಕೂಸು ನೀಲಿ ಆದಾಗ ಹಂಗs ಹಿಡೀರಿ, ಹಿಡಕೊಂಡs ದವಾಖಾನಿಗೆ ಓಡ್ರಿ ಅಂತ ಈಗ ನಾವ ತಾಯಂದ್ರಿಗೆ ಹೇಳತೀವಿ. ಮಣಕಾಲು ಒತ್ತಿದ್ರ ಶ್ವಾಸಕೋಶಕ್ಕ ರಕ್ತ ಜಾಸ್ತಿ ಹೋಗತೈತಿ." ಸ್ವಲ್ಪ ತಡೆದು, "ಆ ಕೂಸಿಗೆ ಏನಿತ್ತು ಅಂತ ನೋಡದs ನಾ ಖಾತ್ರಿ ಹೇಳಾಕ ಬರೂದಿಲ್ಲ. ಆದ್ರ ನೀವು ಅದನ್ನ ಎತ್ತಿಕೊಂಡಿದ್ದಕ್ಕ ಅದು ಸತ್ತಿಲ್ಲ. ಅಷ್ಟು ದಿನ ಬದುಕಿದ್ದು ನೀವು ಎತ್ತಿಕೊಂಡಿದ್ದಕ್ಕ ಇರಬೇಕು" ಎಂದರು.

ಆಮೇಲೆ ಅವರು ಹೇಳಿದ್ದನ್ನೆಲ್ಲ ಹಾಲೇಶ ಗಮನವಿಟ್ಟು ಕೇಳಿಸಿಕೊಂಡ, ಶೇಖರಮ್ಮನಿಗೆ ತುಣುಕು ತುಣುಕಾಗಿ ಮಾತ್ರ ಕೇಳಿಸಿತು. ಮನೆತನದಲ್ಲಿ ಮೊದಲು ಒಂದು ಆಗಿದೆ ಎಂದರೆ ವಂಶವಾಹಿಯಲ್ಲಿ ಇದ್ದೀತು, ಹೊಟ್ಟೆಯಲ್ಲಿ ಕೂಸಿನ ಸುತ್ತ ಇರುವ ನೀರಿನ ಪರೀಕ್ಷೆ ಮಾಡಿಸಿದರೆ ವಂಶವಾಹಿಯ ಬೇರೆ ತೊಂದರೆ ಇದೆಯೋ ಎಂಬುದೂ ತಿಳಿಯುತ್ತದೆ. ಸೋದರಿಕೆಯ ಮದುವೆಯಲ್ಲಿ ಇದರ ಸಾಧ್ಯತೆ ಸ್ವಲ್ಪ ಹೆಚ್ಚು, ಹೊರಗೆ ಮದುವೆಯಾದವರಿಗೂ ಆಗುತ್ತದೆ, ಈ ಕೂಸಿಗೆ ಯಾವುದರಿಂದ ಆಯಿತೆಂದು ಇವತ್ತು ಯಾರೂ ಬೆರಳು ಮಾಡಿ ಹೇಳಲಾರರು. ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ಆ ಕಾಲದಲ್ಲಿ ನಿಮ್ಮೂರಿನಲ್ಲಿ ಇದಕ್ಕೆ ದಾರಿಯಿರಲಿಲ್ಲ. ಈಗ ಕೂಸು ಕೆಲವು ತಿಂಗಳದ್ದಾದ ಮೇಲೆ ಆಪರೇಶನ್ನು ಮಾಡಿ ಗೋಡೆಗೆ ತೇಪೆ ಹಾಕುತ್ತಾರೆ, ದಾರಿ ಅಗಲ ಮಾಡುತ್ತಾರೆ. ಬಹಳಷ್ಟು ಮಕ್ಕಳು ಸಾಲಿಗೆ ಹೋಗುತ್ತಾರೆ, ಓಡುತ್ತಾರೆ. ಎಲ್ಲರೂ ಎಂದು ಹೇಳಲಾರೆ. ಬೇಡ ಎನ್ನುವುದಾದರೆ ಅದಕ್ಕೂ ಕಾನೂನಿನಲ್ಲಿ ಇನ್ನೂ ಸ್ವಲ್ಪ ದಿನ ಇದೆ. "ನಾ ಇಡ್ರಿ ಅನ್ನಂಗಿಲ್ಲ, ತಗೀರಿ ಅನ್ನಂಗಿಲ್ಲ. ನೀವು ಮನ್ಯಾಗ ಕುಂತು ಮಾತಾಡ್ರಿ. ಹೊತ್ತಿರೋದು ಇಕಿ. ಮೊದ್ಲ ಇಕಿ ಹೇಳಲಿ."

ಮೊದ್ಲ ಇಕಿ ಹೇಳಲಿ. ಬಸ್ ಸ್ಟ್ಯಾಂಡಿನ ತನಕ ಮೂವರೂ ನಡೆದರು. ಶೇಖರಮ್ಮ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದಳು, ಬೇಕೆಂದೇ. ಈಗ ಕೇಳುತ್ತಾರೆ, ಅಕ್ಕಾ ಏನಂತಿ ಎಂದು ಇವನು, ಅವ್ವಾ ಏನಂತಿ ಎಂದು ಅವಳು. ಬಾಯಿಯಲ್ಲಿ ಮಾತು ತಯಾರಾಗಿ ಬರುತ್ತಲೇ ಇತ್ತು, ಒಮ್ಮೆ ಇಡು ಎಂದು, ಒಮ್ಮೆ ಬೇಡ ಎಂದು, ಅವಳು ಅದನ್ನು ಉಗುಳಿನಂತೆ ನುಂಗುತ್ತಿದ್ದಳು. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸ ಎಂದು ಅವಳಿಗೆ ಗೊತ್ತಿರಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಕೂತು ಹಾಲೇಶ ಊಟದ ಡಬ್ಬಿ ತೆಗೆದ, ಯಾರೂ ಮುಟ್ಟಲಿಲ್ಲವೆಂದು ಮತ್ತೆ ಚೀಲದಲ್ಲಿಟ್ಟ.

"ಅಕ್ಕಾ, ನನಗೊಬ್ಬ ಅಣ್ಣ ಇದ್ದ ಅಂತ ನೀ ಒಂದಿನಾನೂ ಹೇಳಲಿಲ್ಲಲ್ಲ," ಎಂದ.

"ಹೇಳಾಕ ಏನೈತಿ? ಅಂವಾ ಇದ್ದದ್ದs ಅಷ್ಟು."

"ಹೆಸರೇನಿತ್ತು?"

"ಇಟ್ಟಿದ್ದಿಲ್ಲ."

"ನೀ ಏನಂತ ಕರೀತಿದ್ದಿ ಮತ್ತ?"

ಅವಳು ಯೋಚಿಸಿದಳು. ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದಳು. "ಕರೀತಿದ್ದಿಲ್ಲ. ಯಾವಾಗ್ಲೂ ನನ್ನ ಬಗಲಾಗs ಇರ್ತಿದ್ದ, ಕರಿಯೂದ್ಯಾಕ?"

ಹಾಲೇಶ ಮುಖ ಆ ಕಡೆ ಮಾಡಿ ಟವೆಲಿನಿಂದ ಕಣ್ಣು ಒರೆಸಿಕೊಂಡ. ಧೂಳು ಎಂದು ಏನೋ ಅಂದ. ಲಲಿತಾ ಇಷ್ಟು ಹೊತ್ತು ತನ್ನ ಕಾಲಬೆರಳು ನೋಡುತ್ತ ಕೂತಿದ್ದಳು. ಈಗ ಅವಳು ಎದ್ದು ಬಂದು ಅವ್ವನ ಮುಂದೆ ನಿಂತಳು. ಕೇಳಿಯೇಬಿಡುತ್ತಾಳೆ ಎಂದು ಶೇಖರಮ್ಮ ತುಟಿ ಬಿಗಿ ಹಿಡಿದಳು.

"ಅವ್ವಾ, ಹೆಂಗ ಹಿಡೀತಿದ್ದಿ?"

"ಏನು?"

"ಅಂವನ್ನ. ಮಣಕಾಲು ಹೆಂಗ ಮಡಚತಿದ್ದಿ? ನನಗ ತೋರ್ಸು. ಮಾಮಾಗೂ ತೋರ್ಸು, ನಾ ಮಲಗಿದಾಗ ಅತ್ತಿತಂದ್ರ?"

ಶೇಖರಮ್ಮ ಮಗಳ ಮುಖ ನೋಡಿದಳು. ಇಡಬೇಕೋ ಬೇಡವೋ ಎಂದು ತನ್ನನ್ನು ಕೇಳುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ. ಅವಳು ಹಾಲೇಶನ ಹೆಗಲ ಮೇಲಿನ ಟವೆಲು ತೆಗೆದುಕೊಂಡು ಡಬ್ಬಿಯ ಚೀಲಕ್ಕೆ ಸುತ್ತಿದಳು. ಸುತ್ತಿದ್ದನ್ನು ಎದೆಗೆ ಆನಿಸಿ, ಒಂದು ಅಂಗೈಯನ್ನು ಕೆಳಗಿಂದ ಕೊಟ್ಟು ಮೇಲಕ್ಕೆ ಮಡಚಿ, ಇನ್ನೊಂದನ್ನು ಬೆನ್ನಿಗೆ ಕೊಟ್ಟಳು. ಕೈಗಳಿಗೆ ಎಲ್ಲವೂ ನೆನಪಿತ್ತು. "ಇಲ್ಲಿ ತಲಿ. ಇಲ್ಲಿ ಕಾಲು. ಕಾಲು ಎಳೀಬ್ಯಾಡ, ಮೆತ್ತಗ ಮ್ಯಾಲೆ ಒತ್ತು, ಹೊಟ್ಟಿಗೆ ಹತ್ತಬೇಕು. ಉಸರ್ಯಾಡಾಕ ಕೊಳ್ಳು ಬಿಡು." ಲಲಿತಾ ಹಿಡಿದಳು, ಬೇಗ ಬಂತು. ಹಾಲೇಶನ ಕೈಗೆ ಕೊಟ್ಟಾಗ ಅವನು ಕಬ್ಬಿಣದ ಕೀಲಿ ಹಿಡಿದಂತೆ ಹಿಡಿದ. "ಓಣಿಗೆ ನೀರು ಬಿಡಾಕತ್ತಿಲ್ಲ ನೀ, ಮಾಮಾ," ಎಂದು ಲಲಿತಾ ನಕ್ಕಳು, ಒಂದು ವಾರದ ಮೇಲೆ. ಅವನು ಸಡಿಲ ಮಾಡಿದ, ಮತ್ತೆ ಹಿಡಿದ. ಸುತ್ತಲಿನವರು ನೋಡುತ್ತಿದ್ದರು. ನೋಡಲಿ ಅನ್ನಿಸಿತು ಶೇಖರಮ್ಮನಿಗೆ.

ಬಸ್ಸು ಬಂದಾಗ ಅವನು ಹಾಗೆಯೇ ಹಿಡಿದುಕೊಂಡು ಹತ್ತಿದ. ಕಿಟಕಿಯ ಪಕ್ಕ ಕೂತಿದ್ದ ಮುದುಕಿಯೊಬ್ಬಳು ಸರಿದು ಜಾಗ ಮಾಡಿಕೊಟ್ಟು, ಟವೆಲಿನ ಗಂಟನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಕೂಸು ಮಲಗೈತೇನಪ?"

ಹಾಲೇಶ ಅಕ್ಕನತ್ತ ನೋಡಿದ. ಅವಳು ಏನೂ ಹೇಳಿಕೊಡಲಿಲ್ಲ.

"ಹೂಂನ್ರಿ," ಎಂದ.

"ಮಾರಿ ಮ್ಯಾಲಿನ ಅರಿವಿ ತಗೀಯಪ ಮತ್ತ. ಶೆಕಿ ಆಗತೈತಿ ಅದಕ್ಕ."

ಅವನು ಒಂದು ಬೆರಳಿನಿಂದ, ಎಚ್ಚರಾಗದ ಹಾಗೆ, ಟವೆಲಿನ ಅಂಚನ್ನು ಸ್ವಲ್ಪ ಸರಿಸಿದ.